ಪೂರ್ವಪಕ್ಷ ಕಾಣೆಯಾಗಿದೆ

ದೇವರಿಗೆ ವಕೀಲರು ಬೇಕೋ ಬೇಡವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಷ್ಟರಲ್ಲೇ ವಕಾಲತ್ತು ಹಾಕಿದವರಿಂದ ಯೂಟ್ಯೂಬು ತುಂಬಿಹೋಗಿದೆ. ಒಂದು ಮೊಬೈಲು, ಅದಕ್ಕೊಂದು ಸ್ಟ್ಯಾಂಡು, ಮುಖಕ್ಕೆ ಬೆಳಕು ಹಿಡಿಯುವ ರಿಂಗ್ ಲೈಟು, ಬೆನ್ನ ಹಿಂದೆ ನಾಲ್ಕು ದಪ್ಪ ಪುಸ್ತಕ ಇದ್ದರೆ ಧರ್ಮರಕ್ಷಣೆ ಶುರುವಾಯಿತೆಂದೇ ಲೆಕ್ಕ. ಯಾವ ಧರ್ಮ ಎಂದು ಮಾತ್ರ ಕೇಳಬೇಡಿ. ಶಾಸ್ತ್ರಿಗಳು, ಮೌಲ್ವಿಗಳು, ಪಾಸ್ಟರುಗಳು ಎಲ್ಲರ ಮುಂದೆಯೂ ಒಂದೇ ನಮೂನೆಯ ರಿಂಗ್ ಲೈಟು. ವಿಚಾರಿಸಿದರೆ ಎಲ್ಲವೂ ಎಸ್.ಪಿ. ರಸ್ತೆಯ ಒಂದೇ ಓಣಿಯಿಂದ ಬಂದಿರಲೂಬಹುದು. ಸರ್ವಧರ್ಮ ಸಮನ್ವಯದ ಬಗ್ಗೆ ಭಾಷಣ ಮಾಡುವವರು ಒಮ್ಮೆ ಆ ಕಡೆ ಹೋಗಿಬರಬೇಕು.

ನನ್ನ ಅಕ್ಕನ ಮಗನಿಗೂ ಇಂಥದ್ದೊಂದು ಚಾನೆಲ್ ಇದೆ. ಹಗಲು ಹೊತ್ತು ಅವನು ಸಾಫ್ಟ್‌ವೇರ್ ಟೆಸ್ಟರ್. ಅಂದರೆ ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ರಾತ್ರಿ ಒಂಬತ್ತಾದ ಮೇಲೆ ನಮ್ಮ ಹಿರಿಯರು ಬರೆದದ್ದರಲ್ಲಿ ಒಂದೂ ತಪ್ಪಿಲ್ಲ ಎಂದು ಸಾಧಿಸುವ ಕೆಲಸ. ಹೆಗಲ ಮೇಲೆ ಜರಿಯಂಚಿನ ಶಲ್ಯ, ಹಣೆಯಲ್ಲಿ ತಿದ್ದಿದ ತಿಲಕ. ಕ್ಯಾಮೆರಾ ಇಳಿಯದ ಜಾಗದಲ್ಲಿ ಬರ್ಮುಡಾ ಚಡ್ಡಿ. ಅವನು ಲೈವ್ ಹೋಗುವಾಗ ಮೂಲೆಯ ಕುರ್ಚಿಯಲ್ಲಿ ಕೂತು ನೋಡಲು ನನಗೆ ಅನುಮತಿ ಉಂಟು, ಕೆಮ್ಮಲು ಇಲ್ಲ.

ಅವತ್ತಿನ ವಿಷಯ ವೈಮಾನಿಕ ಶಾಸ್ತ್ರ. ಭರದ್ವಾಜ ಮಹರ್ಷಿಗಳು ಸಾವಿರಾರು ವರ್ಷಗಳ ಹಿಂದೆಯೇ ವಿಮಾನ ಕಟ್ಟುವ ವಿಧಾನ ಬರೆದಿಟ್ಟಿದ್ದರು, ರೈಟ್ ಸಹೋದರರು ಆಮೇಲೆ ಬಂದವರು ಎಂಬ ಧಾಟಿ. ಪರದೆಯ ಪಕ್ಕದಲ್ಲಿ ಕಾಮೆಂಟುಗಳು ಮೇಲಕ್ಕೆ ಓಡುತ್ತಿದ್ದವು. ಕೈಮುಗಿದ ಚಿತ್ರ, ಬೆಂಕಿಯ ಚಿತ್ರ, ಬಾವುಟ, ನಡುವೆ "ಅಣ್ಣ, ಹೊಸಪೇಟೆಯಿಂದ ನೋಡ್ತಿದೀನಿ" ಎಂಬ ಹಾಜರಾತಿ. ಒಬ್ಬ ಮಾತ್ರ ಅಚ್ಚುಕಟ್ಟಾಗಿ ಬರೆದಿದ್ದ: "ಸರ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಈ ಪುಸ್ತಕ ಪರಿಶೀಲಿಸಿ ಪ್ರಬಂಧ ಬರೆದಿದ್ದಾರೆ. ಅದಕ್ಕೆ ತಮ್ಮ ಉತ್ತರ ಏನು?"

ನಮ್ಮ ಹುಡುಗ ಅದನ್ನು ಜೋರಾಗಿ ಓದಲು ಶುರುಮಾಡಿ, ಅರ್ಧಕ್ಕೆ ಬಂದಾಗ ಅಪಾಯ ಹೊಳೆದು, "ಒಳ್ಳೇ ಪ್ರಶ್ನೆ, ಇದಕ್ಕೇ ಅಂತ ಬೇರೆ ವಿಡಿಯೋ ಮಾಡ್ತೀನಿ" ಎಂದು ಮುಂದಕ್ಕೆ ಹಾರಿದ. ಆತ ಮತ್ತೊಮ್ಮೆ ಕೇಳಿದ. ಮೂರನೇ ಸಲ ಕೇಳುವಷ್ಟರಲ್ಲಿ ಆತ ಅಲ್ಲಿರಲಿಲ್ಲ.

"ಯಾಕೋ ತೆಗೆದುಹಾಕಿದೆ ಅವನನ್ನ?" ಎಂದೆ, ಲೈವ್ ಮುಗಿದ ಮೇಲೆ.

"ಅವನು ಟ್ರೋಲ್, ಮಾಮ."

"ಹೇಗೆ ಗೊತ್ತಾಯ್ತು?"

"ಬೈಯದೇ ಕೇಳ್ತಿದಾನಲ್ಲ, ಅದಕ್ಕೇ."

ಆ 1974ರ ಪ್ರಬಂಧದ ವಿಷಯ ಎರಡು ಮಾತು ಹೇಳಬೇಕು. ಏಕೆಂದರೆ ಟೀಕೆ ಅಂದರೆ ಹೇಗಿರಬೇಕು ಎಂಬುದಕ್ಕೆ ನಮ್ಮೂರಲ್ಲೇ ಹುಟ್ಟಿದ ಮಾದರಿ ಅದು. ಮುಕುಂದ ಮತ್ತು ನಾಲ್ವರು ಸಂಗಾತಿಗಳು ಪುಸ್ತಕವನ್ನು ಗೇಲಿ ಮಾಡಿ ಎತ್ತಿ ಎಸೆಯಲಿಲ್ಲ. ಕೂತು ಓದಿದರು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಅದನ್ನು ಹೇಳಿ ಬರೆಸಿದ್ದು 20ನೇ ಶತಮಾನದ ಆರಂಭದ ದಶಕಗಳಲ್ಲಿ. ಪುಸ್ತಕದ ಸಂಸ್ಕೃತ ವೇದಕಾಲದ್ದಲ್ಲ, ಈಚಿನದು. ಪಠ್ಯ 1904ಕ್ಕಿಂತ ಹಿಂದಕ್ಕೆ ಹೋಗಲಾರದು ಎಂದು ತೋರಿಸಿದರು. ಚಿತ್ರಗಳನ್ನು ಬರೆದದ್ದು ಶಾಸ್ತ್ರಿಗಳ ಮಾತಿನ ಮೇರೆಗೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಡ್ರಾಫ್ಟ್ಸ್‌ಮನ್ ಎಂಬುದನ್ನೂ ಪತ್ತೆ ಮಾಡಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳನ್ನು ತೂಕ, ರೆಕ್ಕೆ, ನೂಕುಬಲ ಎಂದು ಒಂದೊಂದಾಗಿ ಲೆಕ್ಕ ಹಾಕಿ, ಯಾವುದೂ ನೆಲ ಬಿಟ್ಟು ಏಳುವುದಿಲ್ಲ ಎಂದರು. ಹಾರದ ವಿಮಾನಕ್ಕೆ ಇಷ್ಟು ಮರ್ಯಾದೆ ಕೊಟ್ಟವರು ಬೇರೆ ಯಾರೂ ಇಲ್ಲ. ಅದಕ್ಕೆ ಸಿಕ್ಕ ಉತ್ತರ, 'ಬೇರೆ ವಿಡಿಯೋ ಮಾಡ್ತೀನಿ.'

ಯೂಟ್ಯೂಬಿನಲ್ಲಿ ಹೀಗೆ ಕಾಣೆ ಮಾಡುವ ಕ್ರಮ ಬಹಳ ನಾಜೂಕಾದ್ದು. ಚಾನೆಲ್ಲಿನವರು ಒಬ್ಬನನ್ನು 'ಹೈಡ್' ಮಾಡಿದರೆ ಅವನಿಗೆ ನೋಟೀಸು ಬರುವುದಿಲ್ಲ. ಅವನು ತನ್ನ ಪಾಡಿಗೆ ಖಂಡಿಸುತ್ತಲೇ ಇರುತ್ತಾನೆ. ಉಳಿದವರ ಕಣ್ಣಿಗೆ ಅದು ಬೀಳುವುದಿಲ್ಲ. ಎದುರಾಳಿಯ ಬಾಯಿ ಮುಚ್ಚಿಸಿದೆನೆಂದು ಅವನು, ಎದುರಾಳಿಯೇ ಇಲ್ಲವೆಂದು ಇವನು, ಇಬ್ಬರೂ ಗೆದ್ದ ಖುಷಿಯಲ್ಲಿ ಮಲಗುತ್ತಾರೆ. ಇಷ್ಟು ಶಾಂತಿಯುತವಾದ ವಾದಸಭೆ ಹಿಂದೆಂದೂ ಇರಲಿಲ್ಲ.

ಹಿಂದೆ ಹೇಗಿತ್ತು ಎಂದು ನೋಡಲು ಗೌತಮರ ನ್ಯಾಯಸೂತ್ರದ ಐದನೇ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ನಿಗ್ರಹಸ್ಥಾನಗಳೆಂಬ ಪಟ್ಟಿಯಿದೆ. ವಾದ ಮಾಡುವವನು ಏನೇನು ಮಾಡಿದರೆ ಸೋತಂತೆ ಎಂಬ ಇಪ್ಪತ್ತೆರಡು ಕಲಮುಗಳು. ನಾನು ಅದನ್ನು ಓದಿದಾಗ ಇದು ಎರಡು ಸಾವಿರ ವರ್ಷದಷ್ಟು ಹಳೆಯ ಪುಸ್ತಕವೋ, ನಮ್ಮ ಹುಡುಗನ ಚಾನೆಲ್ಲಿನ ಮಹಜರೋ ಎಂದು ಅನುಮಾನ ಬಂತು. 'ನನಗೆ ಕೆಲಸವಿದೆ, ಮುಗಿಸಿಕೊಂಡು ಆಮೇಲೆ ಮಾತಾಡುತ್ತೇನೆ' ಎಂದು ಸಭೆಯಿಂದ ಏಳುವುದು ವಿಕ್ಷೇಪ, ಸೋಲು. ನಮ್ಮ 'ಬೇರೆ ವಿಡಿಯೋ' ಇದರ ಖಾಸಾ ಮೊಮ್ಮಗು. ಹೇಳಿದ ಮಾತಿಗೆ ಪೆಟ್ಟು ಬಿದ್ದಾಗ 'ನಾನು ಹಾಗೆ ಅಂದೇ ಇಲ್ಲ' ಎನ್ನುವುದು ಪ್ರತಿಜ್ಞಾಸಂನ್ಯಾಸ. ಪೋಸ್ಟ್ ಡಿಲೀಟ್ ಮಾಡುವವರು ತಾವು ಸಂನ್ಯಾಸ ತೆಗೆದುಕೊಂಡದ್ದನ್ನು ಅರಿತಿರುವುದಿಲ್ಲ, ಸ್ಕ್ರೀನ್‌ಶಾಟ್ ಇಟ್ಟುಕೊಂಡವರು ಮರೆತಿರುವುದಿಲ್ಲ. ಕೇಳಿದ್ದು ಬಿಟ್ಟು ಬೇರೇನೋ ಹೇಳುವುದು ಅರ್ಥಾಂತರ. ಮೂರು ಸಲ ಹೇಳಿದರೂ ಸಭೆಗೂ ಎದುರಾಳಿಗೂ ತಿಳಿಯದ ಹಾಗೆ ಮಾತಾಡುವುದು ಅವಿಜ್ಞಾತಾರ್ಥ. 'ಕ್ವಾಂಟಮ್ ಚೈತನ್ಯ' ಎಂದು ಶುರುವಾಗುವ ಉತ್ತರಗಳನ್ನೆಲ್ಲ ಈ ಕಪಾಟಿನಲ್ಲಿಡಬಹುದು.

ನನಗೆ ಪ್ರಿಯವಾದದ್ದು ಮತಾನುಜ್ಞೆ. ತನ್ನ ಪಕ್ಷದ ದೋಷ ನಿವಾರಿಸದೆ 'ನಿನ್ನ ಪಕ್ಷದಲ್ಲೂ ಇದೇ ದೋಷ ಉಂಟಲ್ಲ' ಎನ್ನುವುದು. ಹಾಗೆಂದ ಕ್ಷಣ ದೋಷ ತನ್ನಲ್ಲಿದೆಯೆಂದು ಒಪ್ಪಿಕೊಂಡಂತಾಯಿತು, ಆದ್ದರಿಂದ ಸೋಲು ಎನ್ನುತ್ತಾರೆ ಗೌತಮರು. ಇದೊಂದು ಕಲಮನ್ನು ಇವತ್ತು ಜಾರಿಗೆ ತಂದರೆ ಎಲ್ಲ ಧರ್ಮಗಳ ಚಾನೆಲ್ಲುಗಳೂ ನಾಳೆ ಬೆಳಿಗ್ಗೆಗೆ ಬಾಗಿಲು ಹಾಕಬೇಕಾಗುತ್ತದೆ. 'ಅವರನ್ನ ಕೇಳೋ ಧೈರ್ಯ ಇದೆಯಾ?' ಎಂಬ ಪ್ರಶ್ನೆಗೆ ಕನ್ನಡದಲ್ಲಿ, ಉರ್ದುವಿನಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಸಿಗುವಷ್ಟು ಲೈಕು ಬೇರೆ ಯಾವ ಪ್ರಶ್ನೆಗೂ ಸಿಗುವುದಿಲ್ಲ.

ಇನ್ನೊಂದಿದೆ, ಅನನುಭಾಷಣ. ಎದುರಾಳಿ ಮೂರು ಸಲ ಹೇಳಿದ್ದಾನೆ, ಸಭೆಗೆ ಅರ್ಥವಾಗಿದೆ, ಆದರೂ ಅವನು ಹೇಳಿದ್ದನ್ನು ತಿರುಗಿ ಹೇಳಲು ಇವನಿಂದ ಆಗುತ್ತಿಲ್ಲ. ಇದೂ ಸೋಲೇ. ಉತ್ತರ ಕೊಡುವುದು ಆಮೇಲಿನ ಮಾತು. ಮೊದಲು ಅವನು ಅಂದದ್ದನ್ನು ನಿನ್ನ ಬಾಯಲ್ಲಿ ಹೇಳು. ಪೂರ್ವಪಕ್ಷ ಎಂದು ನಾವು ಕರೆಯುತ್ತಿದ್ದದ್ದು ಇದನ್ನೇ, ಮತ್ತು ನನ್ನ ತಕರಾರೆಲ್ಲ ಇದು ಕಾಣೆಯಾದದ್ದರ ಬಗ್ಗೆಯೇ.

ಕಾಣೆಯಾದ ಜಾಗದಲ್ಲಿ ಬಂದು ಕೂತಿರುವುದು ಒಂದು ಗೊಂಬೆ. ನೂರು ಕಾಮೆಂಟುಗಳಲ್ಲಿ ತೊಂಬತ್ತು ಜೈಕಾರ, ಐದಾರು ಬೈಗುಳ, ಒಂದೆರಡು ನಿಜವಾದ ಪ್ರಶ್ನೆ ಎಂದಿಟ್ಟುಕೊಳ್ಳಿ. ನಮ್ಮ ಹುಡುಗ ಬೈಗುಳಗಳಲ್ಲೇ ಅತಿ ಪೆದ್ದಾದದ್ದನ್ನು ಆರಿಸಿ, ಅದರ ಸ್ಕ್ರೀನ್‌ಶಾಟ್ ತೆಗೆದು, ದೊಡ್ಡದು ಮಾಡಿ ತೋರಿಸಿ, 'ಬುದ್ಧಿಜೀವಿಗಳಿಗೆ ಮುಟ್ಟಿ ನೋಡಿಕೊಳ್ಳುವ ಉತ್ತರ' ಎಂಬ ತಲೆಬರಹ ಕೊಡುತ್ತಾನೆ. ಆ ಕಾಮೆಂಟು ಬರೆದವನು ಪಿಯುಸಿಯಲ್ಲಿ ಓದುವ ಹುಡುಗನಾಗಿರಬಹುದು. ಅವನಿಗೂ ತಾನು ಬುದ್ಧಿಜೀವಿಯೆಂದು ಅವತ್ತೇ ಗೊತ್ತಾಗುವುದು. ಲೆಕ್ಕ ಕೇಳಿದ ಎಂಜಿನಿಯರು ಹೈಡ್ ಆಗಿರುತ್ತಾನೆ, ಬೈದ ಪಡ್ಡೆ ಹುಡುಗ ಪ್ರತಿಪಕ್ಷದ ನಾಯಕನಾಗಿರುತ್ತಾನೆ.

ಇದನ್ನು ಹೇಡಿತನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಧರ್ಮದ ಪರ ವಾದಿಸುವವನ ಎದುರು ಕೂತಿರುವುದು ಟೀಕಾಕಾರನಲ್ಲ, ಅವನದೇ ಜನ. ಹೊಸಪೇಟೆಯಿಂದ ನೋಡುತ್ತಿರುವ ತಮ್ಮನಿಗೆ ಬೇಕಿರುವುದು ವೈಮಾನಿಕ ಶಾಸ್ತ್ರದ ಕಾಲನಿರ್ಣಯ ಅಲ್ಲ. ಆಫೀಸಿನಲ್ಲಿ ಯಾರೋ ತನ್ನ ನಂಬಿಕೆಯನ್ನು ಆಡಿಕೊಂಡಾಗ ಆದ ನೋವಿಗೆ ಒಂದಿಷ್ಟು ಮುಲಾಮು. ಮುಲಾಮು ಹಚ್ಚುವವನು ಗಾಯ ಕೆದಕುವ ಪ್ರಶ್ನೆ ಓದಿ ಹೇಳುತ್ತಾನೆಯೇ? ಜೊತೆಗೆ, ಯಾರೂ ಕೇಳಿರದ ಆಕ್ಷೇಪಕ್ಕೆ ಉತ್ತರ ಕೊಡಲು ಹೋದರೆ ಆಕ್ಷೇಪವನ್ನು ತಾನೇ ಊರಿಗೆಲ್ಲ ಹಂಚಿದಂತಾಗುತ್ತದೆಂಬ ಭಯವೂ ಇದೆ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಮ್ಮ ಇದೇ ತತ್ವದ ಮೇಲೆ ಆಡಳಿತ ನಡೆಸುತ್ತಾರೆ. ಗ್ರಹಣದ ದಿನ ಊಟ ಮಾಡಬಹುದೇ ಎಂಬ ಬಗ್ಗೆ ಭಾವನಿಗೂ ತಮ್ಮನಿಗೂ ಜಟಾಪಟಿ ಹತ್ತಿದರೆ, ಸಂಜೆ ಐದಕ್ಕೂ ಗುಲಾಬಿ ಹೂವಿನ 'ಶುಭೋದಯ' ಬಂದು ಬೀಳುತ್ತದೆ. ಅದೂ ನಿಲ್ಲಿಸದಿದ್ದರೆ 'ಇನ್ನು ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು' ಎಂಬ ಬ್ರಹ್ಮಾಸ್ತ್ರ. ಚಿಕ್ಕಮ್ಮ ಯಾವ ಸಿದ್ಧಾಂತವನ್ನೂ ಮಂಡಿಸಿದವರಲ್ಲ, ದೀಪಾವಳಿಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕು ಅಷ್ಟೆ. ಅವರನ್ನು ಕ್ಷಮಿಸಬಹುದು. ಆದರೆ ವಾದಕ್ಕೆಂದೇ ಅಂಗಡಿ ತೆರೆದವರಿಗೆ ಈ ರಿಯಾಯಿತಿ ಸಲ್ಲದು.

ಅಂಗಡಿ ತೆರೆದು ಕೂತವರು ಹೇಗಿರುತ್ತಿದ್ದರು ಎಂಬುದಕ್ಕೆ ಹಂಪಿಯ ಕಡೆಯ ಒಂದು ಉದಾಹರಣೆ. ಕೃಷ್ಣದೇವರಾಯನ ಕಾಲದ ವ್ಯಾಸತೀರ್ಥರು 'ನ್ಯಾಯಾಮೃತ' ಬರೆದು ಅದ್ವೈತದ ಮೇಲೆ ಆಕ್ಷೇಪಗಳ ಮಳೆ ಸುರಿಸಿದರು. ಸುರಿಸುವ ಮೊದಲು ಅದ್ವೈತದ ಗ್ರಂಥಗಳನ್ನು ಜಾಲಾಡಿದ್ದರು. 'ಮಿಥ್ಯೆ' ಎಂದರೇನು ಎಂಬುದಕ್ಕೆ ಅದ್ವೈತಿಗಳೇ ಬೇರೆ ಬೇರೆ ಕಡೆ ಕೊಟ್ಟ ಲಕ್ಷಣಗಳನ್ನು ಒಟ್ಟುಮಾಡಿ, ಸಾಲಾಗಿ ಜೋಡಿಸಿ, ಆಮೇಲೆ ಒಂದೊಂದನ್ನೇ ಹಿಡಿದು ಅಲುಗಾಡಿಸಿದರು. ಅದಕ್ಕೆ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ' ಬರೆದು ಆಕ್ಷೇಪಗಳಿಗೆ ಅದೇ ಕ್ರಮದಲ್ಲಿ ಉತ್ತರ ಕೊಟ್ಟರು. ಆ ಉತ್ತರಕ್ಕೆ ವ್ಯಾಸರಾಮಾಚಾರ್ಯರ 'ತರಂಗಿಣಿ', ತರಂಗಿಣಿಗೆ ಬ್ರಹ್ಮಾನಂದರ ಮರುತ್ತರ. ವ್ಯಾಸತೀರ್ಥರು 1539ರಲ್ಲೇ ಆನೆಗೊಂದಿಯ ನವಬೃಂದಾವನ ಸೇರಿದ್ದರು. ಮಧುಸೂದನರ ಉತ್ತರ ನೋಡಲು ಇರಲಿಲ್ಲ. ನೋಟಿಫಿಕೇಶನ್ ಇಲ್ಲ, ಲೈಕಿಲ್ಲ, ತಾಳೆಗರಿಯಲ್ಲಿ ಕೈಯಾರೆ ನಕಲು ಮಾಡಿಕೊಂಡು ತಲೆಮಾರುಗಳ ಕಾಲ ಸಾಗಿದ ಜಗಳ. ರಾಮಾಚಾರ್ಯರು ಮಧುಸೂದನರ ಬಳಿಯೇ ಶಿಷ್ಯನಾಗಿ ಹೋಗಿ, ಅವರ ಪಾಠವನ್ನು ಅವರಿಂದಲೇ ಹೇಳಿಸಿಕೊಂಡು, ಆಮೇಲೆ ಖಂಡನೆ ಬರೆದು ಗುರುಕಾಣಿಕೆಯಾಗಿ ಇಟ್ಟರೆಂಬ ಕಥೆಯೂ ಇದೆ. ಕಥೆ ನಿಜವೋ ಸುಳ್ಳೋ, ಹಾಗೆ ಮಾಡುವುದು ಗೌರವದ ಕೆಲಸವೆಂದು ಎರಡೂ ಕಡೆಯವರು ಭಾವಿಸಿದ್ದಂತೂ ನಿಜ.

ಆ ಕಾಲವೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಎದುರಾಳಿಗಳ ಆಚಾರ್ಯರನ್ನು ರಾಕ್ಷಸನ ಅವತಾರವೆಂದು ಬರೆದ ಪುಸ್ತಕವೂ ಆ ಪರಂಪರೆಯಲ್ಲೇ ಇದೆ. ಶಂಕರರಿಗೂ ಮಂಡನಮಿಶ್ರರಿಗೂ ವಾದವಾದಾಗ ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುವುದೋ ಅವರು ಸೋತರೆಂದು ಉಭಯಭಾರತಿ ನಿಯಮ ಮಾಡಿದರಂತೆ. ಕೋಪ ಬಂದವನ ಮೈ ಬಿಸಿಯೇರುತ್ತದೆ, ಮಾಲೆ ಬಾಡುತ್ತದೆ. ಇವತ್ತಿನ ಲೈವ್‌ಗಳಿಗೆ ಈ ನಿಯಮ ತಂದರೆ ಲಾಭವಾಗುವುದು ಕೆ.ಆರ್. ಮಾರುಕಟ್ಟೆಯ ಹೂವಿನವರಿಗೆ ಮಾತ್ರ.

ಟೀಕಾಕಾರನಿಗೆ ಉತ್ತರ ಕೊಡುವುದರಿಂದ ಅವನು ಬೆಳೆದುಬಿಡುತ್ತಾನೆ ಎಂಬ ಭಯ ಇದೆಯೆಂದೆನಲ್ಲ, ಅದು ಸುಳ್ಳಲ್ಲ. ಎರಡನೇ ಶತಮಾನದಲ್ಲಿ ಕೆಲ್ಸಸ್ ಎಂಬ ಗ್ರೀಕ್ ಪಂಡಿತ ಕ್ರೈಸ್ತರ ವಿರುದ್ಧ ಒಂದು ಪುಸ್ತಕ ಬರೆದ. ಸುಮಾರು ಎಪ್ಪತ್ತು ವರ್ಷದ ಮೇಲೆ ಅದಕ್ಕೆ ಉತ್ತರ ಬರೆದುಕೊಡಿ ಎಂದು ಆರಿಜನ್ ಎಂಬ ಕ್ರೈಸ್ತ ವಿದ್ವಾಂಸನಿಗೆ ಅವನ ಪೋಷಕ ದುಂಬಾಲು ಬಿದ್ದ. ಆರಿಜನ್‌ಗೆ ಮನಸ್ಸಿರಲಿಲ್ಲ. ಸುಳ್ಳು ಸಾಕ್ಷಿ ಹೇಳಿದವರ ಎದುರು ಯೇಸು ಮೌನವಾಗಿದ್ದನಲ್ಲ ಎಂದೇ ಪುಸ್ತಕ ಶುರುಮಾಡಿದ. ಶುರುಮಾಡಿದ ಮೇಲೆ ಮಾತ್ರ ಕೆಲ್ಸಸ್‌ನ ಮಾತುಗಳನ್ನು ತುಂಡುತುಂಡಾಗಿ ಎತ್ತಿ ಬರೆದು ಉತ್ತರಿಸುತ್ತ ಎಂಟು ಸಂಪುಟ ತುಂಬಿಸಿದ. ಕೆಲ್ಸಸ್‌ನ ಮೂಲ ಪುಸ್ತಕ ಕಳೆದುಹೋಯಿತು. ಇವತ್ತು ಅವನು ಏನು ಹೇಳಿದ್ದ ಎಂದು ತಿಳಿಯಬೇಕಾದರೆ ಆರಿಜನ್‌ನನ್ನೇ ಓದಬೇಕು. ನಮ್ಮ ಚಾರ್ವಾಕರ ಕಥೆಯೂ ಇದೇ. ಅವರ ಸೂತ್ರಗ್ರಂಥ ಉಳಿಯಲಿಲ್ಲ. 14ನೇ ಶತಮಾನದ ವಿಜಯನಗರದಲ್ಲಿ 'ಸರ್ವದರ್ಶನ ಸಂಗ್ರಹ' ಬರೆದ ಮಾಧವಾಚಾರ್ಯರು, ಇವರೇ ಶೃಂಗೇರಿಯ ವಿದ್ಯಾರಣ್ಯರೆಂದು ಹಲವರು ನಂಬುತ್ತಾರೆ, ತಮ್ಮ ಪುಸ್ತಕದ ಮೊದಲ ಅಧ್ಯಾಯವನ್ನೇ ದೇವರಿಲ್ಲವೆನ್ನುವ ಚಾರ್ವಾಕನಿಗೆ ಬಿಟ್ಟುಕೊಟ್ಟರು. ಅವನ ಮಾತಿಗೆ ಅಲ್ಲಿ ಎಷ್ಟು ಹುರುಪಿದೆಯೆಂದರೆ, ಬರೆಯುವಾಗ ಮಠದವರಿಗೆ ಒಳಗೊಳಗೇ ಖುಷಿಯಾಗಿತ್ತೋ ಏನೋ ಎನಿಸುತ್ತದೆ. ನಾಸ್ತಿಕನನ್ನು ಐದಾರು ನೂರು ವರ್ಷ ಅನ್ನ ಹಾಕಿ ಸಾಕಿದವರು ಆಸ್ತಿಕರೇ.

ಎದುರಾಳಿಯ ಕಡೆಯ ಪುಸ್ತಕ ಓದಿಕೊಂಡು ಬಂದರೆ ಏನಾಗುತ್ತದೆಂಬುದಕ್ಕೆ 1854ರ ಆಗ್ರಾ ಸಾಕ್ಷಿ. ಜರ್ಮನಿಯಿಂದ ಬಂದ ಮಿಷನರಿ ಫಾಂಡರ್ ಇಸ್ಲಾಂ ವಿರುದ್ಧ ಪುಸ್ತಕ ಬರೆದು ಹೆಸರಾದವನು. ನಮ್ಮ ಕಿಟ್ಟೆಲ್ ತಯಾರಾದ ಬಾಸೆಲ್ ಮಿಷನ್ನಿನಲ್ಲೇ ತಯಾರಾದ ಆಳು. ಅವನಿಗೆ ಕುರಾನ್ ಗೊತ್ತು, ಫಾರಸಿ ಗೊತ್ತು. ಎದುರು ಕೂತ ಮೌಲಾನಾ ರಹಮತುಲ್ಲಾ ಕೈರಾನವಿ ಮಾತ್ರ ಕುರಾನ್ ಹಿಡಿದು ಬರಲಿಲ್ಲ. ಅವರ ಜೊತೆಗಿದ್ದ ಡಾಕ್ಟರ್ ವಜೀರ್ ಖಾನ್ ಇಂಗ್ಲೆಂಡಿನಲ್ಲಿ ಕಲಿತವರು; ಬೈಬಲ್ಲಿನ ಪಾಠಭೇದಗಳ ಬಗ್ಗೆ ಯೂರೋಪಿನ ಕ್ರೈಸ್ತ ವಿದ್ವಾಂಸರೇ ಬರೆದಿದ್ದ ಪುಸ್ತಕಗಳನ್ನು ತಂದಿದ್ದರು. ತನ್ನವರ ಪುಸ್ತಕದಿಂದಲೇ ಬಂದ ಪ್ರಶ್ನೆಗೆ ಫಾಂಡರ್ ತಯಾರಾಗಿರಲಿಲ್ಲ. ಹಲವು ವಿಷಯ ಗೊತ್ತುಮಾಡಿಕೊಂಡಿದ್ದ ವಾದ ಎರಡೇ ದಿನಕ್ಕೆ ನಿಂತಿತು. ಆಮೇಲೆ ಎರಡೂ ಕಡೆಯವರು ತಮ್ಮ ತಮ್ಮ ವರದಿ ಅಚ್ಚುಹಾಕಿಸಿದರು. ಅದೊಂದು ವಿಷಯದಲ್ಲಿ ಕಾಲ ಬದಲಾಗಿಲ್ಲ.

ಉತ್ತರವನ್ನೇ ಕೊಡದಿರುವುದೂ ಒಂದು ವಿದ್ಯೆ. ಬೆಂಗಳೂರಿನ ಹಳಬರಿಗೆ 1976 ನೆನಪಿರಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ, ಸತ್ಯಸಾಯಿ ಬಾಬಾ ಅವರಿಗೆ ಪತ್ರದ ಮೇಲೆ ಪತ್ರ ಬರೆದರು: ನಾವು ಹೇಳುವ ನಿಬಂಧನೆಗಳೊಳಗೆ ಪವಾಡ ಮಾಡಿ ತೋರಿಸಿ ಎಂದು. ಖಾದಿ ಜುಬ್ಬ, ಗಾಂಧಿ ಟೋಪಿ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ವಾಸ. ಅಂಥವರ ಪತ್ರಕ್ಕೆ ವೈಟ್‌ಫೀಲ್ಡಿನ ಆಶ್ರಮದಿಂದ ಜವಾಬು ಬರಲಿಲ್ಲ. ಅದೇ ವರ್ಷ ಮುಂಬೈಯ 'ಬ್ಲಿಟ್ಜ್' ಪತ್ರಿಕೆಯ ಕರಂಜಿಯಾ ಅವರಿಗೆ ಬಾಬಾ ಸುದೀರ್ಘ ಸಂದರ್ಶನ ಕೊಟ್ಟರು. ಇಪ್ಪತ್ತು ಮೈಲಿ ಆಚೆಗೂ ಇಲ್ಲದ ಕುಲಪತಿಗೆ ಇಲ್ಲ, ಆರುನೂರು ಮೈಲಿ ಆಚೆಯ ಸಂಪಾದಕರಿಗೆ ಉಂಟು. ಭಕ್ತರು ಮೌನವನ್ನು ಮಹಿಮೆ ಎಂದರು, ವಿಚಾರವಾದಿಗಳು ಸೋಲು ಎಂದರು. ನನ್ನನ್ನು ಕೇಳಿದರೆ, ಗೌತಮರ ಪಟ್ಟಿಯಲ್ಲಿ ಇದಕ್ಕೂ ಒಂದು ಜಾಗವಿದೆ.

ಟೀಕಾಕಾರರೇನು ತಪ್ಪಿಸಿಕೊಳ್ಳುವುದರಲ್ಲಿ ಹಿಂದೆ ಬಿದ್ದವರಲ್ಲ. 2011ರ ಅಕ್ಟೋಬರಿನಲ್ಲಿ ಅಮೆರಿಕದ ಕ್ರೈಸ್ತ ದಾರ್ಶನಿಕ ವಿಲಿಯಂ ಲೇನ್ ಕ್ರೇಗ್ ಇಂಗ್ಲೆಂಡಿಗೆ ಬಂದಾಗ ಅವರ ಜೊತೆ ವಾದಕ್ಕೆ ಕೂರುವುದಿಲ್ಲವೆಂದು ರಿಚರ್ಡ್ ಡಾಕಿನ್ಸ್ ಪತ್ರಿಕೆಯಲ್ಲೇ ಬರೆದರು. ಹಳೆಯ ಒಡಂಬಡಿಕೆಯ ಕಗ್ಗೊಲೆಗಳನ್ನು ಸಮರ್ಥಿಸುವವನ ಕೈ ಕುಲುಕಲಾರೆ ಎಂಬುದು ಅವರು ಕೊಟ್ಟ ಕಾರಣ. ಆಕ್ಸ್‌ಫರ್ಡಿನ ಶೆಲ್ಡೋನಿಯನ್ ಸಭಾಂಗಣದ ವೇದಿಕೆಯಲ್ಲಿ ಸಂಘಟಕರು ಒಂದು ಖಾಲಿ ಕುರ್ಚಿ ಇಟ್ಟರು. ಊರಿನ ಬಸ್ಸುಗಳ ಮೇಲೆ 'ಬಹುಶಃ ಡಾಕಿನ್ಸ್ ಇಲ್ಲ' ಎಂಬರ್ಥದ ಜಾಹೀರಾತು ಬಂತು. 'ಬಹುಶಃ ದೇವರಿಲ್ಲ' ಎಂದು ಕೆಲವು ವರ್ಷ ಹಿಂದೆ ನಾಸ್ತಿಕರು ಬಸ್ಸಿಗೆ ಅಂಟಿಸಿದ್ದಕ್ಕೆ ತಿರುಗೇಟು. ಆ ಬಸ್ಸನ್ನು ನಾನು ತುಂಬ ಮೆಚ್ಚುತ್ತೇನೆ. ಡಾಕಿನ್ಸರ ಕಾರಣ ಗಟ್ಟಿಯಾದದ್ದೇ ಇರಬಹುದು. ಆದರೆ ನಮ್ಮ ಹುಡುಗ ಹೈಡ್ ಮಾಡಿದ್ದಕ್ಕೂ ಅವನ ಬಳಿ ಗಟ್ಟಿಯಾದ ಕಾರಣವೇ ಇತ್ತು.

ಪ್ರತಿಯೊಬ್ಬನಿಗೂ ಉತ್ತರ ಕೊಡುತ್ತ ಕೂತರೆ ಬದುಕು ಸಾಗುವುದಿಲ್ಲ ಎಂಬುದು ಒಪ್ಪತಕ್ಕದ್ದೇ. ತಾಯಿಯನ್ನು ಹಿಡಿದು ಬೈಯುವವನನ್ನು ಬ್ಲಾಕ್ ಮಾಡಲು ಯಾವ ಸೂತ್ರವೂ ಅಡ್ಡಿಯಾಗದು. ನೋಡಬೇಕಾದದ್ದು ಬೈದವನಿಗೆ ಏನು ಮಾಡಿದರು ಎಂಬುದನ್ನಲ್ಲ, ಪುಟಸಂಖ್ಯೆ ಕೊಟ್ಟು ಕೇಳಿದವನಿಗೆ ಏನು ಮಾಡಿದರು ಎಂಬುದನ್ನು. ಭಗವಂತನ ಪರವೋ ವಿಜ್ಞಾನದ ಪರವೋ, ಯಾರದ್ದೇ ಚಾನೆಲ್ಲಿಗೆ ಹೋದರೂ ನಾನು ಈಗ ಅದೊಂದನ್ನೇ ಹುಡುಕುತ್ತೇನೆ. ಎದುರಾಳಿ ಕೇಳಿದರೆ 'ಹೌದು, ನಾನು ಹೇಳಿದ್ದು ಇದೇ' ಎನ್ನುವ ಹಾಗೆ ಅವನ ಮಾತು ಆ ವಿಡಿಯೋದಲ್ಲಿ ಎಲ್ಲಾದರೂ ಇದೆಯೇ? ಹತ್ತು ನಿಮಿಷದಲ್ಲಿ ಸಿಗದಿದ್ದರೆ ಮುಚ್ಚಿ ಬೇರೆ ಕೆಲಸ ನೋಡುತ್ತೇನೆ.

ಈ ಬರಹಕ್ಕೂ ಆಕ್ಷೇಪಗಳು ಬರುವುದು ಖಂಡಿತ. ವಿಮಾನದ ಕಡೆಯಿಂದ ಬರುತ್ತದೆ, ಆಶ್ರಮದ ಕಡೆಯಿಂದ ಬರುತ್ತದೆ, ಅಕ್ಕನ ಮನೆಯಿಂದಂತೂ ಬಂದೇ ಬರುತ್ತದೆ. ದಯವಿಟ್ಟು ಬರೆಯಿರಿ. ಬರೆಯುವ ಮುನ್ನ ನಾನು ಹೇಳಿದ್ದೇನು ಎಂದು ಎರಡು ಸಾಲಿನಲ್ಲಿ ಹೇಳಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ. ಅಂಥ ಪತ್ರಗಳಿಗೆ ಉತ್ತರ ಬರೆಯುತ್ತೇನೆ, ಬೇರೆ ವಿಡಿಯೋ ಮಾಡುವುದಿಲ್ಲ.